ಜೈವಿಕ ಡೀಸೆಲ್, ಹಸಿರು ಡೀಸೆಲ್ ಮತ್ತು ಪೆಟ್ರೋಲಿಯಂ ಡೀಸೆಲ್

ಡೀಸೆಲ್ ಎಂಬುದು ಒಂದೇ ರಾಸಾಯನಿಕ ವಸ್ತುವಿನ ಹೆಸರಲ್ಲ. ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದಿಂದ ಹುಟ್ಟುವ ಶಾಖದಲ್ಲೇ ಇಂಧನವನ್ನು ಹೊತ್ತಿಸುವ ಎಂಜಿನ್ನಿಗೆ ಒಗ್ಗುವ ದ್ರವ ಇಂಧನಗಳನ್ನು ಸಾಮಾನ್ಯವಾಗಿ ಡೀಸೆಲ್ ಎಂದು ಕರೆಯಲಾಗುತ್ತದೆ. ಇಂದು ಬಳಕೆಯಲ್ಲಿರುವ ಡೀಸೆಲ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಕಚ್ಚಾ ತೈಲವನ್ನು ಬಟ್ಟಿ ಇಳಿಸಿ ಪಡೆಯುವ ಪೆಟ್ರೋಲಿಯಂ ಡೀಸೆಲ್ ಮೊದಲನೆಯದು. ಇದೇ ಸಾಂಪ್ರದಾಯಿಕ ಡೀಸೆಲ್. ಸಸ್ಯದ ಎಣ್ಣೆ ಅಥವಾ ಪ್ರಾಣಿಜನ್ಯ ಕೊಬ್ಬನ್ನು ಮದ್ಯಸಾರದೊಡನೆ ವರ್ತಿಸಿ ಪಡೆಯುವ ಜೈವಿಕ ಡೀಸೆಲ್ ಎರಡನೆಯದು. ಅದೇ ಎಣ್ಣೆ ಮತ್ತು ಕೊಬ್ಬನ್ನು ಜಲಜನಕದೊಡನೆ ವರ್ತಿಸಿ ಪಡೆಯುವ ಇಂಧನ ಮೂರನೆಯದು. ಈ ಮೂರನೆಯದನ್ನು ಎಚ್‌ವಿಒ, ನವೀಕರಿಸಬಹುದಾದ ಡೀಸೆಲ್, ಹಸಿರು ಡೀಸೆಲ್ ಮುಂತಾದ ಹೆಸರುಗಳಿಂದ ಗುರುತಿಸುತ್ತಾರೆ. ಈ ಲೇಖನದಲ್ಲಿ ಅದಕ್ಕೆ ಹಸಿರು ಡೀಸೆಲ್ ಎಂಬ ಹೆಸರನ್ನು ಬಳಸಲಾಗಿದೆ.

ಪತ್ರಿಕೆಗಳಲ್ಲಿ ಜೈವಿಕ ಡೀಸೆಲ್ ಮತ್ತು ಹಸಿರು ಡೀಸೆಲ್‌ಗಳನ್ನು ಒಂದೇ ಎಂಬಂತೆ ಬರೆಯುವುದುಂಟು. ಅವುಗಳ ಕಚ್ಚಾವಸ್ತು ಒಂದೇ ಆಗಿದ್ದರೂ ಅಣುರಚನೆ ಬೇರೆ, ಎಂಜಿನ್ನಿನಲ್ಲಿ ಅವು ವರ್ತಿಸುವ ಬಗೆಯೂ ಬೇರೆ. ಹಸಿರು ಡೀಸೆಲ್ ರಾಸಾಯನಿಕವಾಗಿ ಜೈವಿಕ ಡೀಸೆಲ್‌ಗಿಂತ ಪೆಟ್ರೋಲಿಯಂ ಡೀಸೆಲ್‌ಗೇ ಹೆಚ್ಚು ಹತ್ತಿರವಾದುದು.

ಹಿನ್ನೆಲೆ

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ (1858–1913) ರೂಪಿಸಿದ ಎಂಜಿನ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಶೇ. 26ರಷ್ಟು ದಕ್ಷತೆಯನ್ನು ತೋರಿಸಿತು. ಅಂದಿನ ಉಗಿ ಎಂಜಿನ್‌ಗಳಿಗೆ ಹೋಲಿಸಿದರೆ ಇದು ದೊಡ್ಡ ಸಾಧನೆಯಾಗಿತ್ತು. ಡೀಸೆಲ್ ತನ್ನ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಗಾಗಿಯೇ ರೂಪಿಸಿದನೆಂಬ ಮಾತು ಬಹಳ ಪ್ರಚಲಿತವಾಗಿದೆ. ಭಾರತದಲ್ಲಿ ಆಗಸ್ಟ್ 10ರಂದು ಆಚರಿಸುವ ವಿಶ್ವ ಜೈವಿಕ ಇಂಧನ ದಿನದ ಸಂದರ್ಭದಲ್ಲಿ, 1893ರ ಆ ದಿನ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತೆಂದು ಪ್ರತಿವರ್ಷವೂ ಹೇಳಲಾಗುತ್ತದೆ. ಇದು ಸರಿಯಲ್ಲ. 1893ರ ಪ್ರಯೋಗಗಳು ನಡೆದದ್ದು ಪೆಟ್ರೋಲಿಯಂ ಮೂಲದ ಇಂಧನದಿಂದ. ಕಡಲೆಕಾಯಿ ಎಣ್ಣೆಯಿಂದ ಓಡಿದ ಎಂಜಿನ್ ಪ್ರದರ್ಶಿತವಾದದ್ದು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ಅದನ್ನು ನಡೆಸಿದ್ದು ಫ್ರಾನ್ಸಿನ ಆಟೊ ಕಂಪನಿ. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ಕಡಲೆಕಾಯಿಯಿಂದ ಅಲ್ಲಿನ ಯಂತ್ರಗಳನ್ನು ನಡೆಸಬಹುದೇ ಎಂಬ ಫ್ರೆಂಚ್ ಸರ್ಕಾರದ ಆಸಕ್ತಿ ಇದರ ಹಿಂದಿತ್ತು. ಸಸ್ಯದ ಎಣ್ಣೆಗಳ ಸಾಧ್ಯತೆಯ ಬಗ್ಗೆ ಡೀಸೆಲ್ ತನ್ನ ಜೀವನದ ಕೊನೆಯ ವರ್ಷಗಳಲ್ಲಿ ಮಾತನಾಡಿದ್ದು ನಿಜ.

ಪೆಟ್ರೋಲಿಯಂ ಅಗ್ಗವಾಗಿ ದೊರೆಯತೊಡಗಿದ ಮೇಲೆ ಎಂಜಿನ್‌ಗಳನ್ನು ಅದಕ್ಕೆ ಹೊಂದುವಂತೆಯೇ ರೂಪಿಸಲಾಯಿತು. ಆಧುನಿಕ ಅರ್ಥದ ಜೈವಿಕ ಡೀಸೆಲ್‌ನ ಮೊದಲ ದಾಖಲೆಯೆಂದು ಸಾಮಾನ್ಯವಾಗಿ ಉಲ್ಲೇಖಿಸುವುದು, ಬ್ರಸೆಲ್ಸ್ ವಿಶ್ವವಿದ್ಯಾಲಯದ ಶವಾನ್ ಎಂಬ ವಿಜ್ಞಾನಿಗೆ 1937ರಲ್ಲಿ ದೊರೆತ ಬೆಲ್ಜಿಯಂ ಪೇಟೆಂಟನ್ನು. ತಾಳೆಎಣ್ಣೆಯನ್ನು ಮದ್ಯಸಾರದೊಡನೆ ವರ್ತಿಸಿ ತೆಳುವಾಗಿಸುವ ವಿಧಾನ ಅದರಲ್ಲಿತ್ತು. ಮರುವರ್ಷ ಬ್ರಸೆಲ್ಸ್ ಮತ್ತು ಲೂವೆನ್ ನಡುವಣ ಬಸ್ಸೊಂದನ್ನು ಈ ಇಂಧನದಿಂದ ಓಡಿಸಲಾಯಿತು. ಎರಡನೆಯ ಮಹಾಯುದ್ಧದ ನಂತರ ಇದು ಬಹುಮಟ್ಟಿಗೆ ಮರೆತುಹೋಗಿ, 1970ರ ದಶಕದ ತೈಲ ಬಿಕ್ಕಟ್ಟಿನ ಬಳಿಕ ಮತ್ತೆ ಚರ್ಚೆಗೆ ಬಂದಿತು.

ತಯಾರಿಕೆ

ಕಚ್ಚಾ ತೈಲವನ್ನು ಕಾಯಿಸಿ ಬಟ್ಟಿ ಇಳಿಸಿದಾಗ ಸುಮಾರು 180ರಿಂದ 360 ಡಿಗ್ರಿ ಸೆಲ್ಸಿಯಸ್ ನಡುವೆ ಆವಿಯಾಗಿ ಬರುವ ಭಾಗವೇ ಪೆಟ್ರೋಲಿಯಂ ಡೀಸೆಲ್. ಇದರಲ್ಲಿ ಸರಿಸುಮಾರು 10ರಿಂದ 22 ಇಂಗಾಲದ ಪರಮಾಣುಗಳಿರುವ ನೂರಾರು ಬಗೆಯ ಹೈಡ್ರೊಕಾರ್ಬನ್‌ಗಳು ಬೆರೆತಿರುತ್ತವೆ. ಕೆಲವು ನೇರ ಸರಪಳಿಗಳು, ಕೆಲವು ಉಂಗುರಗಳು. ಜೊತೆಗೆ ಗಂಧಕವೂ ಇರುತ್ತದೆ. ಗಂಧಕವನ್ನು ತೆಗೆಯಲು ಸಂಸ್ಕರಣಾಗಾರಗಳಲ್ಲಿ ಜಲಜನಕವನ್ನು ಹಾಯಿಸುತ್ತಾರೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನಕದ ಪ್ರಕಾರ ಡೀಸೆಲ್‌ನಲ್ಲಿ ಗಂಧಕವು ಹತ್ತು ಲಕ್ಷ ಭಾಗಗಳಲ್ಲಿ 10 ಭಾಗಗಳನ್ನು ಮೀರುವಂತಿಲ್ಲ. ಅದಕ್ಕೆ ಹಿಂದಿನ ಬಿಎಸ್-4ರಲ್ಲಿ ಈ ಮಿತಿ 50 ಇತ್ತು.

ಸಸ್ಯದ ಎಣ್ಣೆಯ ಅಣು ಇದಕ್ಕಿಂತ ಬಹಳ ದೊಡ್ಡದು. ಒಂದು ಗ್ಲಿಸರಾಲ್ ಬೆನ್ನೆಲುಬಿಗೆ ಮೂರು ಮೇದಾಮ್ಲದ ಸರಪಳಿಗಳು ಅಂಟಿಕೊಂಡಿರುವ ರಚನೆ ಅದರದು. ಆದ್ದರಿಂದಲೇ ಎಣ್ಣೆ ಮಂದವಾಗಿರುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ ಡೀಸೆಲ್‌ನದಕ್ಕಿಂತ ಸುಮಾರು ಹತ್ತುಪಟ್ಟು ಹೆಚ್ಚು. ಇಂಥ ಎಣ್ಣೆಯನ್ನು ನೇರವಾಗಿ ಎಂಜಿನ್ನಿಗೆ ಹಾಕಿದರೆ ಅದು ಸೂಕ್ಷ್ಮ ಹನಿಗಳಾಗಿ ಸಿಡಿಯದೆ ಅರೆಬೆಂದು ಇಂಧನ ಚಿಮ್ಮುವ ನಳಿಕೆಗಳಲ್ಲಿ ಮಸಿಯಾಗಿ ಕಟ್ಟಿಕೊಳ್ಳುತ್ತದೆ. ಹಳೆಯ ಕಾಲದ ನಿಧಾನಗತಿಯ ಎಂಜಿನ್‌ಗಳು ಇದನ್ನು ಸಹಿಸುತ್ತವೆ. ಇಂದಿನ ವಾಹನಗಳ ಎಂಜಿನ್‌ಗಳು ಸಹಿಸವು.

ಜೈವಿಕ ಡೀಸೆಲ್ ತಯಾರಿಕೆಯಲ್ಲಿ ಈ ಮೂರು ಸರಪಳಿಗಳನ್ನು ಗ್ಲಿಸರಾಲ್‌ನಿಂದ ಬಿಡಿಸಿ, ಪ್ರತಿಯೊಂದಕ್ಕೂ ಒಂದೊಂದು ಮೆಥನಾಲ್ ಅಣುವನ್ನು ಜೋಡಿಸಲಾಗುತ್ತದೆ. ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾದಂತಹ ಪ್ರತ್ಯಾಮ್ಲವನ್ನು ಬೆರೆಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕಿದರೆ ಒಂದೆರಡು ಗಂಟೆಗಳಲ್ಲಿ ಕ್ರಿಯೆ ಮುಗಿಯುತ್ತದೆ. ಅನಂತರ ನಿಲ್ಲಲು ಬಿಟ್ಟಾಗ ಭಾರವಾದ ಗ್ಲಿಸರಾಲ್ ತಳಕ್ಕಿಳಿದು, ಮೇಲೆ ಜೈವಿಕ ಡೀಸೆಲ್ ಉಳಿಯುತ್ತದೆ. ಸ್ಥೂಲವಾಗಿ 100 ಕಿಲೋಗ್ರಾಂ ಎಣ್ಣೆಗೆ 10ರಿಂದ 11 ಕಿಲೋಗ್ರಾಂ ಮೆಥನಾಲ್ ಬೇಕು. 100 ಕಿಲೋಗ್ರಾಂ ಜೈವಿಕ ಡೀಸೆಲ್ ಮತ್ತು ಸುಮಾರು 10 ಕಿಲೋಗ್ರಾಂ ಗ್ಲಿಸರಾಲ್ ದೊರೆಯುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿಯೂ ಮಾಡಿ ತೋರಿಸಬಹುದಾದಷ್ಟು ಸರಳವಾದ ವಿಧಾನ ಇದು. ಆದರೆ ಇಲ್ಲಿ ಬಳಕೆಯಾಗುವ ಮೆಥನಾಲ್ ಹೆಚ್ಚಾಗಿ ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ ಬಂದದ್ದು. ಹಾಗಾಗಿ ಸಾಮಾನ್ಯ ಜೈವಿಕ ಡೀಸೆಲ್ ಕೂಡ ನೂರಕ್ಕೆ ನೂರು ನವೀಕರಿಸಬಹುದಾದ ಇಂಧನವಲ್ಲ.

ಎಣ್ಣೆ ಹಳಸಿದ್ದರೆ ಈ ಸರಳತೆ ಉಳಿಯುವುದಿಲ್ಲ. ಹೊಂಗೆ ಎಣ್ಣೆಯಂತಹ ಖಾದ್ಯೇತರ ಎಣ್ಣೆಗಳಲ್ಲಿ, ಅದರಲ್ಲೂ ಬೀಜವನ್ನು ತೇವದಲ್ಲಿ ಕೂಡಿಟ್ಟಿದ್ದರೆ, ಬಿಡಿ ಮೇದಾಮ್ಲಗಳ ಪ್ರಮಾಣ ಹೆಚ್ಚಾಗಿರುತ್ತದೆ. ಇವು ಪ್ರತ್ಯಾಮ್ಲದೊಡನೆ ಸೇರಿದರೆ ಡೀಸೆಲ್ ಬದಲು ಸಾಬೂನು ಆಗುತ್ತದೆ. ಆದ್ದರಿಂದ ಮೊದಲು ಗಂಧಕಾಮ್ಲವನ್ನು ಬಳಸಿ ಬಿಡಿ ಆಮ್ಲಗಳನ್ನು ಎಸ್ಟರ್‌ಗಳಾಗಿಸಿ, ಬಳಿಕ ಎರಡನೆಯ ಹಂತದಲ್ಲಿ ಪ್ರತ್ಯಾಮ್ಲವನ್ನು ಬಳಸಬೇಕಾಗುತ್ತದೆ. ಕರಿದು ಉಳಿದ ಎಣ್ಣೆಗೂ ಇದೇ ಮಾತು ಅನ್ವಯಿಸುತ್ತದೆ.

ಹಸಿರು ಡೀಸೆಲ್‌ನ ದಾರಿ ಬೇರೆ. ಎಣ್ಣೆಯನ್ನು 300ರಿಂದ 400 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಹೆಚ್ಚಿನ ಒತ್ತಡದಲ್ಲಿ ಕ್ರಿಯಾವರ್ಧಕಗಳ ಮೇಲೆ ಜಲಜನಕದೊಡನೆ ಹಾಯಿಸಲಾಗುತ್ತದೆ. ಎಣ್ಣೆಯಲ್ಲಿರುವ ಆಮ್ಲಜನಕವು ನೀರು ಮತ್ತು ಇಂಗಾಲದ ಆಕ್ಸೈಡ್‌ಗಳ ರೂಪದಲ್ಲಿ ಹೊರಬೀಳುತ್ತದೆ. ಗ್ಲಿಸರಾಲ್ ಬೆನ್ನೆಲುಬು ಪ್ರೊಪೇನ್ ಅನಿಲವಾಗುತ್ತದೆ. ಉಳಿಯುವುದು ನೇರ ಸರಪಳಿಯ ಶುದ್ಧ ಹೈಡ್ರೊಕಾರ್ಬನ್. ಇದು ಚಳಿಯಲ್ಲಿ ಮೇಣದಂತೆ ಹೆಪ್ಪುಗಟ್ಟುವುದರಿಂದ ಎರಡನೆಯ ಹಂತದಲ್ಲಿ ಸರಪಳಿಗಳಿಗೆ ಕವಲು ಮೂಡಿಸಲಾಗುತ್ತದೆ. ಒಂದು ಟನ್ ಎಣ್ಣೆಗೆ ಸುಮಾರು 30ರಿಂದ 40 ಕಿಲೋಗ್ರಾಂ ಜಲಜನಕ ಬೇಕಾಗುತ್ತದೆ. ಅದೂ ಬಹುತೇಕ ನೈಸರ್ಗಿಕ ಅನಿಲದಿಂದಲೇ ಬರುತ್ತಿದೆ. ಹಳ್ಳಿಯ ಮಟ್ಟದಲ್ಲಿ ಮಾಡಬಹುದಾದ ಕೆಲಸ ಇದಲ್ಲ, ಸಂಸ್ಕರಣಾಗಾರವೇ ಬೇಕು. ಫಿನ್‌ಲೆಂಡಿನ ನೆಸ್ಟೆ ಕಂಪನಿಯು 2007ರಲ್ಲಿ ಪೊರ್ವೊದಲ್ಲಿ ಇಂಥ ಮೊದಲ ವಾಣಿಜ್ಯ ಘಟಕವನ್ನು ಆರಂಭಿಸಿತು. ಅನಂತರ ಸಿಂಗಪುರ ಮತ್ತು ರಾಟರ್‌ಡ್ಯಾಮ್‌ಗಳಲ್ಲಿ ದೊಡ್ಡ ಘಟಕಗಳು ಬಂದವು.

ಎಂಜಿನ್ನಿನಲ್ಲಿ ವರ್ತನೆ

ಜೈವಿಕ ಡೀಸೆಲ್‌ನ ತೂಕದಲ್ಲಿ ಸುಮಾರು ಶೇ. 11 ಆಮ್ಲಜನಕ. ಈ ಒಂದು ಸಂಗತಿಯಿಂದಲೇ ಅದರ ಗುಣದೋಷಗಳಲ್ಲಿ ಬಹುಪಾಲು ಹುಟ್ಟುತ್ತವೆ. ಆಮ್ಲಜನಕವು ಉರಿಯಲು ನೆರವಾಗುತ್ತದೆಯೇ ಹೊರತು ತಾನೇ ಶಕ್ತಿ ಕೊಡುವುದಿಲ್ಲ. ಆದ್ದರಿಂದ ಒಂದು ಲೀಟರ್ ಪೆಟ್ರೋಲಿಯಂ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿ ಇದ್ದರೆ, ಒಂದು ಲೀಟರ್ ಜೈವಿಕ ಡೀಸೆಲ್‌ನಲ್ಲಿ ಇರುವುದು ಸುಮಾರು 33 ಮೆಗಾಜೌಲ್. ಶುದ್ಧ ಜೈವಿಕ ಡೀಸೆಲ್ ಬಳಸುವ ವಾಹನ ಅದೇ ದೂರ ಕ್ರಮಿಸಲು ಸುಮಾರು ಶೇ. 8ರಷ್ಟು ಹೆಚ್ಚು ಇಂಧನವನ್ನು ಕುಡಿಯುತ್ತದೆ. ಶೇ. 20ರ ಮಿಶ್ರಣದಲ್ಲಿ, ಅಂದರೆ ಬಿ20ರಲ್ಲಿ, ಈ ವ್ಯತ್ಯಾಸ ಚಾಲಕನ ಗಮನಕ್ಕೆ ಬರುವುದು ಕಷ್ಟ. ಹಸಿರು ಡೀಸೆಲ್ ತೂಕದ ಲೆಕ್ಕದಲ್ಲಿ ಪೆಟ್ರೋಲಿಯಂ ಡೀಸೆಲ್‌ಗಿಂತ ತುಸು ಹೆಚ್ಚೇ ಶಕ್ತಿ ಕೊಟ್ಟರೂ, ಅದರ ಸಾಂದ್ರತೆ ಲೀಟರಿಗೆ ಸುಮಾರು 780 ಗ್ರಾಂ ಮಾತ್ರ ಇರುವುದರಿಂದ ಲೀಟರ್ ಲೆಕ್ಕದಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ.

ಇಂಧನವು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಸೀಟೇನ್ ಸಂಖ್ಯೆ ಸೂಚಿಸುತ್ತದೆ. ಭಾರತ ಮತ್ತು ಯುರೋಪಿನಲ್ಲಿ ಡೀಸೆಲ್‌ನ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕು. ಅಮೆರಿಕದಲ್ಲಿ 40 ಇದ್ದರೂ ಸಾಕು. ಜೈವಿಕ ಡೀಸೆಲ್‌ನದು ಸಾಮಾನ್ಯವಾಗಿ 50ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ತುಸು ಮೇಲಿರುತ್ತದೆ. ಹಸಿರು ಡೀಸೆಲ್‌ನದು 70ನ್ನು ದಾಟುತ್ತದೆ. ಇದರಿಂದ ಎಂಜಿನ್ ಚಳಿಯಲ್ಲಿಯೂ ಸುಲಭವಾಗಿ ಚಾಲೂ ಆಗುತ್ತದೆ, ಸದ್ದೂ ಕಡಿಮೆ.

ಜೈವಿಕ ಡೀಸೆಲ್‌ಗೆ ಒಳ್ಳೆಯ ಜಾರುಗುಣವಿದೆ. ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಪೆಟ್ರೋಲಿಯಂ ಡೀಸೆಲ್ ತನ್ನ ಸಹಜ ಜಾರುಗುಣವನ್ನು ಕಳೆದುಕೊಂಡು, ಇಂಧನ ಪಂಪುಗಳು ಬೇಗ ಸವೆಯುವಂತೆ ಮಾಡುತ್ತದೆ. ಅದಕ್ಕೆ ಶೇ. 1ರಿಂದ 2ರಷ್ಟು ಜೈವಿಕ ಡೀಸೆಲ್ ಬೆರೆಸಿದರೂ ಈ ದೋಷ ನಿವಾರಣೆಯಾಗುತ್ತದೆ. ಹಸಿರು ಡೀಸೆಲ್‌ಗೆ ಈ ಗುಣವಿಲ್ಲ. ಅದಕ್ಕೂ ಪ್ರತ್ಯೇಕ ಸಂಯೋಜಕವನ್ನು ಸೇರಿಸಬೇಕು. ಜೈವಿಕ ಡೀಸೆಲ್ ಹೊತ್ತಿಕೊಳ್ಳುವ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವುದರಿಂದ ಸಾಗಣೆಯಲ್ಲಿ ಬೆಂಕಿಯ ಅಪಾಯವೂ ಕಡಿಮೆ.

ತೊಂದರೆಗಳು ಹೆಚ್ಚಾಗಿ ಸಂಗ್ರಹಣೆಯಲ್ಲಿ ಕಾಣಿಸಿಕೊಳ್ಳುತ್ತವೆ. ಜೈವಿಕ ಡೀಸೆಲ್ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ; ಕಾಲಕ್ರಮೇಣ ಆಮ್ಲಜನಕದೊಡನೆ ವರ್ತಿಸಿ ಅಂಟಾಗುತ್ತದೆ; ತಳದಲ್ಲಿ ನೀರು ನಿಂತರೆ ಸೂಕ್ಷ್ಮಜೀವಿಗಳು ಬೆಳೆದು ಸೋಸುಕಗಳನ್ನು ಮುಚ್ಚುತ್ತವೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಅದನ್ನು ಕೂಡಿಡದಿರುವುದು ವಾಡಿಕೆ. ಅದು ಒಳ್ಳೆಯ ದ್ರಾವಕವೂ ಆಗಿರುವುದರಿಂದ ಹಳೆಯ ವಾಹನದ ಟ್ಯಾಂಕಿನಲ್ಲಿ ವರ್ಷಗಳಿಂದ ಕಟ್ಟಿದ್ದ ಕೊಳೆಯನ್ನು ಸಡಿಲಿಸಿ ತರುತ್ತದೆ. ಮೊದಲ ಸಲ ಜೈವಿಕ ಡೀಸೆಲ್ ತುಂಬಿಸಿದಾಗ ಸೋಸುಕ ಕಟ್ಟಿಕೊಂಡು ವಾಹನ ನಿಂತರೆ ಅದಕ್ಕೆ ಕಾರಣ ಹೆಚ್ಚಾಗಿ ಹಳೆಯ ಡೀಸೆಲ್ ಬಿಟ್ಟುಹೋದ ಕೊಳೆಯೇ ಹೊರತು ಹೊಸ ಇಂಧನವಲ್ಲ. ನೈಸರ್ಗಿಕ ರಬ್ಬರಿನ ಕೊಳವೆಗಳು ಇದರಿಂದ ಮೆದುವಾಗಿ ಹಾಳಾಗುವುದಂತೂ ನಿಜ.

ಚಳಿಯ ಪ್ರಶ್ನೆ ಕಚ್ಚಾವಸ್ತುವನ್ನು ಅವಲಂಬಿಸಿದೆ. ಸೋಯಾ ಎಣ್ಣೆಯ ಜೈವಿಕ ಡೀಸೆಲ್ ಸೊನ್ನೆ ಡಿಗ್ರಿಯ ಸುತ್ತ ಮಬ್ಬಾಗತೊಡಗಿದರೆ, ತಾಳೆಎಣ್ಣೆಯದು ಸುಮಾರು 13ರಿಂದ 16 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಮಬ್ಬಾಗುತ್ತದೆ. ಯುರೋಪಿನ ಮಾತಿರಲಿ, ಚಿಕ್ಕಮಗಳೂರು ಅಥವಾ ಕೊಡಗಿನ ಚಳಿಗಾಲದ ರಾತ್ರಿಯಲ್ಲಿಯೇ ಶುದ್ಧ ತಾಳೆ ಜೈವಿಕ ಡೀಸೆಲ್ ತೊಂದರೆ ಕೊಡಬಲ್ಲದು. ಕವಲು ಸರಪಳಿಯ ಹಸಿರು ಡೀಸೆಲ್ಲನ್ನು ಸೊನ್ನೆಗಿಂತ 30 ಡಿಗ್ರಿ ಕೆಳಗೂ ಹರಿಯುವಂತೆ ತಯಾರಿಸಬಹುದು.

ಈ ಎಲ್ಲ ಕಾರಣಗಳಿಂದ ಜೈವಿಕ ಡೀಸೆಲ್ಲನ್ನು ಸಾಮಾನ್ಯವಾಗಿ ಮಿಶ್ರಣವಾಗಿ ಮಾತ್ರ ಬಳಸುತ್ತಾರೆ. ಭಾರತೀಯ ಮಾನಕ ಬ್ಯೂರೋದ ಐಎಸ್ 1460 ಮಾನಕವು ಸಾಮಾನ್ಯ ಡೀಸೆಲ್‌ನಲ್ಲಿ ಶೇ. 7ರವರೆಗೆ ಜೈವಿಕ ಡೀಸೆಲ್ ಬೆರೆಸಲು ಅವಕಾಶ ನೀಡುತ್ತದೆ. ಶುದ್ಧ ಜೈವಿಕ ಡೀಸೆಲ್‌ಗೆ ಐಎಸ್ 15607, ಶೇ. 6ರಿಂದ 20ರವರೆಗಿನ ಮಿಶ್ರಣಗಳಿಗೆ ಐಎಸ್ 16531 ಎಂಬ ಪ್ರತ್ಯೇಕ ಮಾನಕಗಳಿವೆ. ಹಸಿರು ಡೀಸೆಲ್ಲನ್ನು ಹೆಚ್ಚಿನ ಪ್ರಮಾಣದಲ್ಲಿ, ಎಂಜಿನ್ ತಯಾರಕರು ಒಪ್ಪಿದಲ್ಲಿ ಶುದ್ಧರೂಪದಲ್ಲಿಯೂ ಬಳಸಬಹುದು.

ಹೊಗೆ

ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ವರ್ಗೀಕರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2002ರ ವಿಶ್ಲೇಷಣೆಯ ಪ್ರಕಾರ, ಅಂದಿನ ಭಾರಿ ವಾಹನಗಳ ಎಂಜಿನ್‌ಗಳಲ್ಲಿ ಶುದ್ಧ ಜೈವಿಕ ಡೀಸೆಲ್ ಬಳಸಿದಾಗ ಮಸಿಯ ಕಣಗಳು ಮತ್ತು ಇಂಗಾಲದ ಮಾನಾಕ್ಸೈಡ್ ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಸಾರಜನಕದ ಆಕ್ಸೈಡ್‌ಗಳು ಮಾತ್ರ ಸುಮಾರು ಶೇ. 10ರಷ್ಟು ಏರಿದವು. ಬಿ20ರಲ್ಲಿ ಕಣಗಳ ಇಳಿಕೆ ಸುಮಾರು ಶೇ. 10, ಸಾರಜನಕದ ಆಕ್ಸೈಡ್‌ಗಳ ಏರಿಕೆ ಸುಮಾರು ಶೇ. 2 ಇತ್ತು. ಹಸಿರು ಡೀಸೆಲ್‌ನಲ್ಲಿ ಉಂಗುರ ರಚನೆಯ ಹೈಡ್ರೊಕಾರ್ಬನ್‌ಗಳು ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಮಸಿ ಕಡಿಮೆ. ಸಾರಜನಕದ ಆಕ್ಸೈಡ್‌ಗಳೂ ಸಾಮಾನ್ಯವಾಗಿ ಏರುವುದಿಲ್ಲ.

ಈ ಅಂಕಿಗಳನ್ನು ಇಂದಿನ ವಾಹನಗಳಿಗೆ ನೇರವಾಗಿ ಅನ್ವಯಿಸಲಾಗದು. ಬಿಎಸ್-6 ವಾಹನಗಳಲ್ಲಿ ಕಣಗಳನ್ನು ಹಿಡಿಯುವ ಸೋಸುಕ ಮತ್ತು ಯೂರಿಯಾ ದ್ರಾವಣದಿಂದ ಸಾರಜನಕದ ಆಕ್ಸೈಡ್‌ಗಳನ್ನು ಒಡೆಯುವ ವ್ಯವಸ್ಥೆ ಇರುತ್ತವೆ. ಅಲ್ಲಿ ಯಾವ ಇಂಧನ ಹಾಕಿದರೂ ಕೊಳವೆಯ ಹೊರಗೆ ಬರುವ ಹೊಗೆಯಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಲಾಭ ಕಾಣುವುದು ಹಳೆಯ ಬಸ್ಸು, ಲಾರಿ, ಜನರೇಟರ್ ಮತ್ತು ಪಂಪುಗಳಲ್ಲಿ.

ಇಂಗಾಲದ ಲೆಕ್ಕ

ಒಂದು ಲೀಟರ್ ಪೆಟ್ರೋಲಿಯಂ ಡೀಸೆಲ್ ಉರಿದಾಗ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜೈವಿಕ ಅಥವಾ ಹಸಿರು ಡೀಸೆಲ್ ಉರಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ವ್ಯತ್ಯಾಸವಿರುವುದು ಆ ಇಂಗಾಲ ಎಲ್ಲಿಂದ ಬಂದಿತು ಎಂಬುದರಲ್ಲಿ. ಪೆಟ್ರೋಲಿಯಂನ ಇಂಗಾಲ ಕೋಟ್ಯಂತರ ವರ್ಷಗಳಿಂದ ನೆಲದೊಳಗೆ ಹೂತಿದ್ದುದು; ಸಸ್ಯದ ಎಣ್ಣೆಯ ಇಂಗಾಲ ಒಂದೆರಡು ವರ್ಷಗಳ ಹಿಂದೆಯಷ್ಟೇ ಗಾಳಿಯಲ್ಲಿದ್ದುದು. ಆದರೆ ಬೆಳೆಗೆ ಹಾಕಿದ ಗೊಬ್ಬರ, ಉಳುಮೆ, ಸಾಗಣೆ, ಮೆಥನಾಲ್, ಜಲಜನಕ ಇವುಗಳ ಲೆಕ್ಕವನ್ನೂ ಸೇರಿಸಬೇಕು. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಶಕ್ತಿ ಪ್ರಯೋಗಾಲಯ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಸೋಯಾ ಜೈವಿಕ ಡೀಸೆಲ್‌ನಿಂದ ಇಂಗಾಲದ ಡೈಆಕ್ಸೈಡ್‌ನ ನಿವ್ವಳ ಹೊರಸೂಸುವಿಕೆ ಶೇ. 78ರಷ್ಟು ಇಳಿಯುತ್ತದೆ ಎಂದು ಅಂದಾಜಿಸಿತು. ಈ ಅಂಕಿಯನ್ನು ಇಂದಿಗೂ ಧಾರಾಳವಾಗಿ ಉಲ್ಲೇಖಿಸಲಾಗುತ್ತದೆ. ಭೂಬಳಕೆಯ ಬದಲಾವಣೆ ಅದರಲ್ಲಿ ಸೇರಿಲ್ಲವೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ಭೂಬಳಕೆಯನ್ನು ಸೇರಿಸಿದಾಗ ಚಿತ್ರ ಬದಲಾಗುತ್ತದೆ. 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಫಾರ್ಜಿಯೋನೆ ಮತ್ತು ಸಂಗಡಿಗರ ಲೇಖನವು ಇದಕ್ಕೆ ಇಂಗಾಲದ ಸಾಲ ಎಂಬ ಕಲ್ಪನೆಯನ್ನು ಬಳಸಿತು. ಕಾಡು ಕಡಿದಾಗ ಮರ ಮತ್ತು ಮಣ್ಣಿನಿಂದ ಒಮ್ಮೆಗೇ ಹೊರಬೀಳುವ ಇಂಗಾಲವನ್ನು, ಆ ನೆಲದಲ್ಲಿ ಬೆಳೆದ ಇಂಧನವು ವರ್ಷವರ್ಷವೂ ಉಳಿಸುವ ಇಂಗಾಲದಿಂದ ತೀರಿಸಬೇಕು. ಇಂಡೋನೇಷ್ಯಾ ಮತ್ತು ಮಲೇಷ್ಯಾಗಳ ತಗ್ಗುಪ್ರದೇಶದ ಮಳೆಕಾಡನ್ನು ಕಡಿದು ತಾಳೆ ಬೆಳೆದರೆ ಆ ಸಾಲ ತೀರಲು ಸುಮಾರು 86 ವರ್ಷ ಬೇಕೆಂದೂ, ಕೊಳೆತ ಸಸ್ಯರಾಶಿಯ ಜೌಗುನೆಲದ ಕಾಡಾದರೆ 400 ವರ್ಷಗಳಿಗೂ ಹೆಚ್ಚು ಬೇಕೆಂದೂ ಅವರು ಲೆಕ್ಕಹಾಕಿದರು. ಅಂದರೆ ಹಾಗೆ ಬಂದ ಜೈವಿಕ ಡೀಸೆಲ್ ಹಲವು ತಲೆಮಾರುಗಳ ಕಾಲ ಪೆಟ್ರೋಲಿಯಂಗಿಂತ ಕೆಟ್ಟದ್ದಾಗಿರುತ್ತದೆ. ಈ ಚರ್ಚೆಯ ಫಲವಾಗಿ ಯುರೋಪಿಯನ್ ಒಕ್ಕೂಟವು ತಾಳೆಎಣ್ಣೆ ಮೂಲದ ಇಂಧನವನ್ನು 2030ರ ವೇಳೆಗೆ ತನ್ನ ನವೀಕರಿಸಬಹುದಾದ ಇಂಧನದ ಲೆಕ್ಕದಿಂದ ಹಂತಹಂತವಾಗಿ ಕೈಬಿಡಲು 2019ರಲ್ಲಿ ನಿರ್ಧರಿಸಿತು. ಇಂಡೋನೇಷ್ಯಾ ಮಾತ್ರ ತನ್ನ ತಾಳೆಎಣ್ಣೆಗೆ ಮನೆಯಲ್ಲಿಯೇ ಮಾರುಕಟ್ಟೆ ಕಲ್ಪಿಸಲು 2020ರಲ್ಲಿ ಶೇ. 30ರ, 2023ರಲ್ಲಿ ಶೇ. 35ರ ಮಿಶ್ರಣವನ್ನು ಕಡ್ಡಾಯಗೊಳಿಸಿತು.

ಕರಿದು ಉಳಿದ ಎಣ್ಣೆಗೆ ಈ ಸಾಲವಿಲ್ಲ. ಅದಕ್ಕಾಗಿ ಯಾರೂ ಕಾಡು ಕಡಿಯುವುದಿಲ್ಲ. ಯುರೋಪಿನ ಲೆಕ್ಕದಲ್ಲಿ ಅದರಿಂದ ತಯಾರಿಸಿದ ಇಂಧನವು ಹಸಿರುಮನೆ ಅನಿಲಗಳನ್ನು ಶೇ. 80ಕ್ಕಿಂತ ಹೆಚ್ಚು ಉಳಿಸುತ್ತದೆ. ಆದುದರಿಂದಲೇ ಅದಕ್ಕೆ ಬೇಡಿಕೆ ಹೆಚ್ಚಿ, ಹೊಸ ಎಣ್ಣೆಯನ್ನೇ ಹಳೆಯದೆಂದು ಮಾರುವ ಆಮಿಷವೂ ಹುಟ್ಟಿಕೊಂಡಿದೆ.

ಕರ್ನಾಟಕ ಮತ್ತು ಭಾರತದಲ್ಲಿ

ಕರ್ನಾಟಕದಲ್ಲಿ ಈ ವಿಷಯದ ಚರ್ಚೆ ಬಹುಪಾಲು ಹೊಂಗೆ ಮರದ ಸುತ್ತ ನಡೆದಿದೆ. ಹೊಲದ ಬದು, ರಸ್ತೆಯಂಚು, ಕೆರೆಯ ಏರಿಗಳಲ್ಲಿ ತಾನಾಗಿ ಬೆಳೆಯುವ ಈ ಮರದ ಬೀಜದಲ್ಲಿ ಶೇ. 30ರಿಂದ 40ರಷ್ಟು ಎಣ್ಣೆ ಇರುತ್ತದೆ. ಕಹಿಯಾದ ಈ ಎಣ್ಣೆ ತಿನ್ನಲು ಬಾರದು. ದೀಪಕ್ಕೆ, ಸಾಬೂನಿಗೆ, ಚರ್ಮ ಹದಮಾಡಲು ಹಿಂದಿನಿಂದಲೂ ಬಳಕೆಯಲ್ಲಿತ್ತು. ಹಿಂಡಿ ಒಳ್ಳೆಯ ಗೊಬ್ಬರ. ದ್ವಿದಳ ಜಾತಿಯ ಮರವಾದ್ದರಿಂದ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ನೇತೃತ್ವದ ಸೂತ್ರ ಯೋಜನೆಯು 1990ರ ದಶಕದ ಕೊನೆಯ ಭಾಗದಲ್ಲಿ ಕಗ್ಗನಹಳ್ಳಿ ಮೊದಲಾದ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತುವ ಪ್ರಯೋಗವನ್ನು ನಡೆಸಿತು. ಅಲ್ಲಿ ಬಳಸಿದ್ದು ಜೈವಿಕ ಡೀಸೆಲ್ ಅಲ್ಲ, ಸೋಸಿದ ಎಣ್ಣೆಯನ್ನೇ. ಒಂದೇ ವೇಗದಲ್ಲಿ ತಿರುಗುವ ಸ್ಥಿರ ಎಂಜಿನ್‌ಗಳಿಗೆ ಅದು ಒಗ್ಗುತ್ತದೆ. ಬೀಜ, ಎಣ್ಣೆ, ಹಿಂಡಿ, ನೀರು ಎಲ್ಲವೂ ಒಂದೇ ಹಳ್ಳಿಯೊಳಗೆ ಸುತ್ತುವ ವ್ಯವಸ್ಥೆಯ ಕಲ್ಪನೆ ಅದರ ಹಿಂದಿತ್ತು. ಮುಂದೆ ರಾಜ್ಯ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಕರ್ನಾಟಕ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭವಾಗಿ, ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮುಂತಾದ ಮರಗಳನ್ನು ಬದುಗಳಲ್ಲಿ ಬೆಳೆಸಲು ರೈತರನ್ನು ಪ್ರೋತ್ಸಾಹಿಸಲಾಯಿತು. ಫಲವತ್ತಾದ ಹೊಲವನ್ನು ಇಂಧನಕ್ಕೆ ಬಿಟ್ಟುಕೊಡದೆ ಬದುವನ್ನು ಮಾತ್ರ ಬಳಸುವ ಈ ಮಾದರಿ, ಅದೇ ಕಾಲದಲ್ಲಿ ದೇಶದಾದ್ಯಂತ ಅಬ್ಬರದಿಂದ ನಡೆದ ಜಟ್ರೋಫಾ ಯೋಜನೆಗಿಂತ ವಿವೇಕದ್ದಾಗಿತ್ತು.

ಜಟ್ರೋಫಾವನ್ನು ಕನ್ನಡದಲ್ಲಿ ಕಾಡುಹರಳು ಎನ್ನುತ್ತಾರೆ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ಪಾಳುಭೂಮಿಯಲ್ಲಿ ಇದನ್ನು ಬೆಳೆದು, ಡೀಸೆಲ್‌ಗೆ ಶೇ. 20ರಷ್ಟು ಬೆರೆಸಬಹುದೆಂದು ಅಂದಾಜು ಮಾಡಿತ್ತು. ನೀರು, ಗೊಬ್ಬರ ಇಲ್ಲದ ನೆಲದಲ್ಲಿ ಗಿಡ ಬದುಕಿತು, ಆದರೆ ನಿರೀಕ್ಷಿಸಿದ ಇಳುವರಿ ಬರಲಿಲ್ಲ. ಪಾಳು ಎಂದು ಕಾಗದದಲ್ಲಿ ಬರೆದ ನೆಲ ಎಷ್ಟೋ ಕಡೆ ದನಕರುಗಳ ಹುಲ್ಲುಗಾವಲಾಗಿತ್ತು. 2009ರ ರಾಷ್ಟ್ರೀಯ ನೀತಿಯ ಶೇ. 20ರ ಗುರಿಯನ್ನು 2018ರ ನೀತಿಯು ಜೈವಿಕ ಡೀಸೆಲ್‌ನ ಮಟ್ಟಿಗೆ 2030ಕ್ಕೆ ಶೇ. 5 ಎಂದು ಇಳಿಸಿತು. ವಾಸ್ತವದ ಮಿಶ್ರಣ ಶೇ. 1ನ್ನೂ ಮುಟ್ಟಿಲ್ಲ. ಇದೇ ಅವಧಿಯಲ್ಲಿ ಪೆಟ್ರೋಲ್‌ಗೆ ಎಥನಾಲ್ ಬೆರೆಸುವ ಕಾರ್ಯಕ್ರಮ ವೇಗವಾಗಿ ಮುಂದುವರಿದುದಕ್ಕೆ, ಅದರ ಹಿಂದೆ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳ ಸಿದ್ಧ ವ್ಯವಸ್ಥೆ ಇದ್ದುದು ಮುಖ್ಯ ಕಾರಣ. ಖಾದ್ಯತೈಲದಲ್ಲಿ ಭಾರತ ತನ್ನ ಅಗತ್ಯದ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಇಂಧನಕ್ಕೆಂದು ಉಳಿಸಲು ಎಣ್ಣೆಯೇ ಇಲ್ಲ.

ಪ್ರಮಾಣದ ಪ್ರಶ್ನೆ

ಭಾರತ 2023–24ರಲ್ಲಿ ಬಳಸಿದ ಡೀಸೆಲ್ ಸುಮಾರು 9 ಕೋಟಿ ಟನ್, ಅಂದರೆ 10,800 ಕೋಟಿ ಲೀಟರಿನಷ್ಟು. ದೇಶ ಒಂದು ವರ್ಷದಲ್ಲಿ ಬಳಸುವ ಎಲ್ಲ ಖಾದ್ಯತೈಲವನ್ನು ಒಟ್ಟುಗೂಡಿಸಿದರೂ ಅದು ಇದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಶೇ. 5ರ ಗುರಿ ಎಂದರೆ ಸುಮಾರು 540 ಕೋಟಿ ಲೀಟರ್ ಜೈವಿಕ ಡೀಸೆಲ್. ಇದನ್ನೆಲ್ಲ ಹೊಂಗೆಯಿಂದಲೇ ಪಡೆಯುವುದಾದರೆ, ಗಾಣದಲ್ಲಿ ಒಂದು ಲೀಟರಿಗೆ ನಾಲ್ಕು ಕಿಲೋಗ್ರಾಂಗೆ ತುಸು ಕಡಿಮೆ ಬೀಜ ಬೇಕೆಂಬ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಟನ್ ಬೀಜ ಬೇಕು. ಒಂದು ಬಲಿತ ಮರ 25 ಕಿಲೋಗ್ರಾಂ ಬೀಜ ಕೊಡುತ್ತದೆಂದು ಇಟ್ಟುಕೊಂಡರೂ 80 ಕೋಟಿ ಮರಗಳಾಗುತ್ತವೆ. ಮರ ಫಲಕ್ಕೆ ಬರಲು ಐದಾರು ವರ್ಷ ಬೇಕು. ಬೀಜ ಆರಿಸಿ ಸುಲಿಯುವುದು ಕೈಕೆಲಸ.

ಇದೇ ಲೆಕ್ಕವನ್ನು ಒಂದು ಬದುವಿಗೆ ಇಳಿಸಿದರೆ, ಒಂದು ಮರದ ಒಂದು ವರ್ಷದ ಬೀಜದಿಂದ ಆರೇಳು ಲೀಟರ್ ಇಂಧನ ದೊರೆಯುತ್ತದೆ. ಟ್ರ್ಯಾಕ್ಟರೊಂದು ಉಳುಮೆಯಲ್ಲಿ ಒಂದೆರಡು ಗಂಟೆಗಳಲ್ಲಿ ಅಷ್ಟನ್ನು ಮುಗಿಸುತ್ತದೆ. ಆದರೆ ಇಪ್ಪತ್ತು ಮರಗಳಿರುವ ರೈತನಿಗೆ ಅದು ನೂರಕ್ಕೂ ಹೆಚ್ಚು ಲೀಟರ್ ಆಗುತ್ತದೆ, ಹಿಂಡಿಯ ಗೊಬ್ಬರ ಬೇರೆ. ದೇಶದ ಲಾರಿಗಳನ್ನು ಓಡಿಸಲಾಗದ ಹೊಂಗೆ ಒಂದು ಸಣ್ಣ ಹಿಡುವಳಿಯ ಪಂಪನ್ನು ಓಡಿಸಬಲ್ಲದು ಎಂಬುದು ಈ ಎರಡು ಲೆಕ್ಕಗಳ ನಡುವಣ ವ್ಯತ್ಯಾಸ.

ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು 2018ರಲ್ಲಿ ಕರಿದ ಎಣ್ಣೆಯನ್ನು ಇಂಧನಕ್ಕಾಗಿ ಸಂಗ್ರಹಿಸುವ ರೂಕೋ ಕಾರ್ಯಕ್ರಮವನ್ನು ಆರಂಭಿಸಿತು. ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25ನ್ನು ಮೀರಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಹೋಟೆಲುಗಳಿಂದ ರಸ್ತೆಬದಿಯ ಅಂಗಡಿಗಳಿಗೆ ಹೋಗಿ ಮತ್ತೆ ಬಾಣಲೆ ಸೇರುತ್ತಿದ್ದ ಎಣ್ಣೆ ಎಂಜಿನ್ನಿಗೆ ಹೋಗುವುದು ಇಂಧನದ ದೃಷ್ಟಿಗಿಂತಲೂ ಆರೋಗ್ಯದ ದೃಷ್ಟಿಯಿಂದ ದೊಡ್ಡ ಲಾಭ. ಜೈವಿಕ ಡೀಸೆಲ್ ಮಾರಾಟಕ್ಕೆ ಕೇಂದ್ರ ಸರ್ಕಾರವು 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಜೈವಿಕ ಡೀಸೆಲ್ ಎಂಬ ಹೆಸರಿನಲ್ಲಿ ಅಗ್ಗದ ಕೈಗಾರಿಕಾ ಎಣ್ಣೆಗಳನ್ನು ಮಾರುವ ಪ್ರಕರಣಗಳು ಕೆಲವು ರಾಜ್ಯಗಳಲ್ಲಿ ಪತ್ತೆಯಾಗಿವೆ; ಐಎಸ್ 15607ಕ್ಕೆ ಹೊಂದದ ಇಂಧನದಿಂದ ವಾಹನಕ್ಕೆ ಆಗುವ ಹಾನಿಯನ್ನು ಜೈವಿಕ ಡೀಸೆಲ್‌ನ ದೋಷವೆಂದು ತಿಳಿಯುವುದು ಸರಿಯಲ್ಲ.

ಹಸಿರು ಡೀಸೆಲ್ ಹೆಚ್ಚು ಬಳಕೆಗೆ ಬಂದಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಇಂಧನದ ಇಂಗಾಲದ ತೀವ್ರತೆಗೆ ಅನುಗುಣವಾಗಿ ಹಣ ನೀಡುವ ಅಲ್ಲಿನ ನಿಯಮದಿಂದಾಗಿ, 2023ರ ವೇಳೆಗೆ ಆ ರಾಜ್ಯದ ಡೀಸೆಲ್ ಬಳಕೆಯಲ್ಲಿ ಅರ್ಧದಷ್ಟು ಪೆಟ್ರೋಲಿಯಮೇತರ ಮೂಲದ್ದಾಯಿತು. ಅದಕ್ಕೆ ಬೇಕಾದ ಕೊಬ್ಬು ಮತ್ತು ಕರಿದ ಎಣ್ಣೆ ಪ್ರಪಂಚದ ಹಲವೆಡೆಗಳಿಂದ ಅಲ್ಲಿಗೆ ಹರಿಯುತ್ತದೆ. ಇದೇ ಎಣ್ಣೆಗೆ ಈಗ ಇನ್ನೊಬ್ಬ ಗಿರಾಕಿ ಬಂದಿದ್ದಾನೆ. ಹಸಿರು ಡೀಸೆಲ್ ತಯಾರಿಸುವ ಘಟಕದಲ್ಲಿಯೇ, ಸರಪಳಿಗಳನ್ನು ಇನ್ನಷ್ಟು ತುಂಡರಿಸಿ ವಿಮಾನದ ಇಂಧನವನ್ನೂ ಪಡೆಯಬಹುದು. ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ರಿಂದ ಶೇ. 1, 2028ರಿಂದ ಶೇ. 2ರಷ್ಟು ಇಂಥ ಇಂಧನವನ್ನು ಬೆರೆಸುವ ಗುರಿಯನ್ನು ಭಾರತವೂ ಇಟ್ಟುಕೊಂಡಿದೆ. ಲಾರಿ ಮತ್ತು ಬಸ್ಸುಗಳಿಗೆ ವಿದ್ಯುತ್ತಿನ ದಾರಿಯಾದರೂ ಇದೆ. ದೂರದ ವಿಮಾನಯಾನಕ್ಕೆ ಸದ್ಯಕ್ಕೆ ಅದಿಲ್ಲವಾದ್ದರಿಂದ, ಸಂಗ್ರಹವಾಗುವ ಹಳೆಯ ಎಣ್ಣೆಯಲ್ಲಿ ಎಷ್ಟು ಭಾಗ ರಸ್ತೆಗೆ ಉಳಿಯುತ್ತದೆ ಎಂಬುದು ವಿಮಾನ ಕಂಪನಿಗಳು ಕೊಡಲು ಸಿದ್ಧವಿರುವ ಬೆಲೆಯನ್ನು ಅವಲಂಬಿಸಿದೆ.